ಕಿಟಕಿ ಗಾಜಿನ ಫಿಲ್ಮ್: ಮೂರು ವರ್ಷ ಬಳಸಿದ ಮೇಲೆ

ಹಾಸನದ ಕುವೆಂಪು ನಗರದಲ್ಲಿ ನಮ್ಮ ಊಟದ ಕೋಣೆಗೂ ಪಕ್ಕದ ಮನೆಯ ಮೆಟ್ಟಿಲಿಗೂ ನಡುವೆ ಆರಡಿ ಜಾಗ. ಹತ್ತಿ ಇಳಿಯುವವರಿಗೆಲ್ಲ ನಮ್ಮ ತಟ್ಟೆಯಲ್ಲಿ ಏನಿದೆ ಎಂಬುದೂ ಕಾಣುತ್ತಿತ್ತು. ಅದಕ್ಕೆಂದು ಎರಡು ಬಗೆಯ ಫಿಲ್ಮ್ ತಂದೆ: ಬಚ್ಚಲಿಗೆ ಮಸುಕಾದ ಬಿಳಿಯದು, ಪೂರ್ವಕ್ಕಿರುವ ಈ ಕಿಟಕಿಗೆ ಕನ್ನಡಿಯಂತೆ ಹೊಳೆಯುವ ಕಪ್ಪನೆಯದು.

ಬಿಳಿಯದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸೋಪಿನ ನೀರು ಚಿಮುಕಿಸಿ ನಾನೇ ಅಂಟಿಸಿದೆ. ಮೂಲೆಯಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಉಳಿದಿದೆ, ಅಷ್ಟೇ.

ಕಪ್ಪನೆಯದು ಹಗಲಿಡೀ ಹೊರಗಿನವರಿಗೆ ಅವರ ಮುಖವನ್ನೇ ತೋರಿಸುತ್ತದೆ. ಬೆಳಕು ಯಾವ ಕಡೆ ಹೆಚ್ಚೋ ಆ ಕಡೆಗಷ್ಟೇ ಅದು ಕನ್ನಡಿ. ರಾತ್ರಿ ಒಳಗೆ ದೀಪ ಹಾಕಿದರೆ ಎಲ್ಲವೂ ತಿರುಗುಮುರುಗು. ಅಂಗಡಿಯವರು ಇದನ್ನು ಹೇಳಿರಲಿಲ್ಲ, ಪಕ್ಕದ ಮನೆಯ ಅಜ್ಜಿ "ನಿನ್ನೆ ರಾತ್ರಿ ಅಕ್ಕಿರೊಟ್ಟಿ ಅಲ್ಲವೇನಮ್ಮಾ?" ಎಂದಾಗ ತಿಳಿಯಿತು.

ಮುಂದಿನದು ನನ್ನದೇ ಅತಿಬುದ್ಧಿ. ಗಾಜಿಗೆ ತಾಗುವಂತೆ ದಪ್ಪ ಪರದೆ ಕಟ್ಟಿದೆ. ಎರಡನೆಯ ವರ್ಷದ ಜನವರಿಯಲ್ಲಿ ಒಂದು ಬೆಳಗ್ಗೆ, ಮಂಜು ಸರಿದು ಬಿಸಿಲು ಚುರುಗುಟ್ಟತೊಡಗಿದ ಹೊತ್ತಿಗೆ, ಟಕ್ಕೆಂದು ಸದ್ದಾಯಿತು. ಯಾರೋ ಕಲ್ಲೆಸೆದರೆಂದು ಹೊರಗೆ ಓಡಿದೆ. ಪೆಟ್ಟಿನ ಗುರುತೇ ಇರಲಿಲ್ಲ. ಕೆಳಗಿನ ಅಂಚಿನಿಂದ ಎರಡು ಬೆರಳಿನಷ್ಟು ನೆಟ್ಟಗೆ ಎದ್ದ ಬಿರುಕು, ಆಮೇಲೆ ಹಾವಿನಂತೆ ಹೊರಳಿ ಇನ್ನೊಂದು ಬದಿ ಸೇರಿತ್ತು. ಗಾಜು ಕೂರಿಸುವವರು ನೋಡಿದ ಕೂಡಲೇ "ಕಲ್ಲಲ್ಲ, ಕಾವು" ಎಂದರು.

ಕಪ್ಪು ಫಿಲ್ಮ್ ಬಿಸಿಲು ಹೀರಿ ಗಾಜಿನ ನಡುಭಾಗವನ್ನು ಕಾಯಿಸುತ್ತದೆ. ಪರದೆ ಆ ಕಾವನ್ನು ಹೋಗಗೊಡುವುದಿಲ್ಲ. ಚೌಕಟ್ಟಿನೊಳಗೆ ಹುದುಗಿದ ಅಂಚು ಮಾತ್ರ ಇನ್ನೂ ರಾತ್ರಿಯ ಚಳಿಯಲ್ಲೇ ಇರುತ್ತದೆ. ನಡು ಹಿಗ್ಗುತ್ತದೆ, ಅಂಚು ಜಗ್ಗುವುದಿಲ್ಲ. ಸಾಮಾನ್ಯ ಗಾಜು ಸುಮಾರು 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವನ್ನಷ್ಟೇ ತಾಳುತ್ತದೆ. ಕೊಯ್ಯುವಾಗ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಅಷ್ಟೂ ಇಲ್ಲ. ಬಡವರ ಊಟಿಯಲ್ಲಿ ಗಾಜಿಗೆಂಥ ಸೆಕೆ ಎಂದುಕೊಂಡಿದ್ದೆ. ಎರಡು ಬೇಸಿಗೆ ಸುಮ್ಮನೆ ಕಳೆದವು, ಕೈಕೊಟ್ಟದ್ದು ಚಳಿಗಾಲ.

ಗಾಜು ಬದಲಿಸಿ ಅಲ್ಲಿಗೂ ಬಿಳಿಯದನ್ನೇ ಅಂಟಿಸಿದ್ದೇನೆ. ಪರದೆ ಗಾಜಿನಿಂದ ಒಂದು ಗೇಣು ದೂರ ಸರಿದಿದೆ. ಬಿಸಿಲು ನೇರ ಬೀಳುವ ಕಡೆಗೆ ಕಪ್ಪೇ ಬೇಕೆನ್ನುವವರು ಮೊದಲು ನಿಮ್ಮದು ಟಫನ್ಡ್, ಅಂದರೆ ಕಾಯಿಸಿ ಗಟ್ಟಿಮಾಡಿದ, ಗಾಜೇ ಎಂದು ನೋಡಿ. ಸಾಮಾನ್ಯವಾಗಿ ಮೂಲೆಯಲ್ಲಿ ಸಣ್ಣ ಮುದ್ರೆ ಇರುತ್ತದೆ. ಅದು 200 ಡಿಗ್ರಿ ವ್ಯತ್ಯಾಸವನ್ನೂ ತಡೆದೀತು. ಬಿಳಿ ಫಿಲ್ಮಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಆ ಗುಳ್ಳೆಗೆ. ಕಪ್ಪಿಗೆ ಎರಡು.