ಕೈ ಕಸೂತಿಯೋ, ಮಷೀನ್ ಕಸೂತಿಯೋ?

ಮಗಳ ಮದುವೆಗೆ ಇಳಕಲ್ ಸೀರೆ ನೋಡಲು ಧಾರವಾಡದ ಅಂಗಡಿಗೆ ಹೋದರೆ ಎರಡೂ ಬಗೆಯ ಕಸೂತಿ ಮುಂದೆ ಹರವುತ್ತಾರೆ. ಮೊದಲು ಸೆರಗನ್ನು ತಿರುವಿ ಹಿಂಬದಿ ನೋಡಿ. ಕೈ ಕಸೂತಿಯಲ್ಲಿ ಗವಂತಿ (ನೇರ ಗೆರೆ), ಮುರ್ಗಿ (ಅಂಕುಡೊಂಕು ಗೆರೆ) ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಮುಂದೆ ಹೋದ ಸೂಜಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತದೆ. ಒಂದು ಎಳೆ ತಪ್ಪಿದರೂ ಗೋಪುರದ ಚಿತ್ತಾರ ವಾಲುತ್ತದೆ. ನಮ್ಮವ್ವನ ಕಪ್ಪು ಚಂದ್ರಕಾಳಿ ಸೀರೆಯ ತೇರು, ಆನೆ ಅಂಬಾರಿ ಇವತ್ತಿಗೂ ಬಿಗಿಯಾಗಿವೆ; ಮುಟ್ಟಿದಾಗೆಲ್ಲ ಆಕೆಯ ನೆನಪಾಗುತ್ತದೆ.

ಮಷೀನಿನದಕ್ಕೆ ಹಿಂದೆ ದಾರ ದಪ್ಪಗೆ ಕೂತಿರುತ್ತದೆ, ಮೈಗೆ ಒರಟು. ಆದರೆ ಅಗ್ಗ, ಬೇಗ ಸಿಗುತ್ತದೆ. ಆಫೀಸಿಗೆ ಹಾಕುವ ಕುರ್ತಾಕ್ಕೆ ಧಾರಾಳ ಸಾಕು.

ಮದುವೆ ಸೀರೆಗೆ ಮಾತ್ರ ಕೈ ಕಸೂತಿಯೇ ಇರಲಿ. ರೊಕ್ಕ ಸಾಲದಿದ್ದರೆ ಸೆರಗಿಗಷ್ಟೇ ಹಾಕಿಸಿ, ಮೈತುಂಬ ಬುಟ್ಟಾ ಬೇಡ. ವಾರಗಟ್ಟಲೆ ಕೂತು ಮಾಡುವ ಕೆಲಸ, ಹಾಗಾಗಿ ನಿಶ್ಚಯವಾದ ಕೂಡಲೇ ಹೇಳಿಡಿ. ಹೊಲಿಯುವಾಕೆಯ ಹತ್ತಿರ ಚೌಕಾಸಿ ಮಾಡಬೇಡಿ.