ಡಿಸ್ಚಾರ್ಜ್ ಆಗಿ ಬಂದ ಮೇಲೆ ಮನೆಯ ಹಳೇ ಗುಳಿಗೆ ಡಬ್ಬಿ ನೋಡಿ

ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಜ್ವರ, ಮೂತ್ರದ ಸೋಂಕು ಅಂತ ಅಪ್ಪನನ್ನು ವಿಜಯಪುರದ ಒಂದು ಖಾಸಗಿ ದವಾಖಾನೆಗೆ ಸೇರಿಸಿದ್ದೆವು. 5 ದಿನಕ್ಕೆ ಆರಾಮಾದರು. ಬಿಡುವಾಗ ಸಂಜೆಯಾಗಿತ್ತು. ಬಿಲ್ ಕಟ್ಟಿ, ಔಷಧಿ ತಗೊಂಡು, ಇಂಡಿ ಬಸ್ ಹಿಡಿಯುವ ಗಡಿಬಿಡಿ ನಮ್ಮದು. ಸಿಸ್ಟರ್ ಫೈಲ್ ಕೈಗಿಟ್ಟು, ಹೊಸ ಗುಳಿಗೆ ಯಾವಾಗ ಕೊಡಬೇಕು ಅಂತ ಹೇಳಿದರು. ಮನೆಯಲ್ಲಿರುವ ಹಳೇ ಗುಳಿಗೆ ಏನು ಮಾಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಿಸ್ಚಾರ್ಜ್ ಹಾಳೆ ಪೂರಾ ಇಂಗ್ಲಿಷಿನಲ್ಲಿತ್ತು.

ಅವ್ವ ಸ್ಟೀಲ್ ಡಬ್ಬಿಯ ಹಳೇ ಗುಳಿಗೆಯನ್ನೂ ಹೊಸದನ್ನೂ ತಪ್ಪದೇ ಕೊಟ್ಟಳು. ಪಾಪ, ಅವಳ ತಪ್ಪೇನಿಲ್ಲ. ಬಣ್ಣ ಬೇರೆ, ಹೆಸರು ಬೇರೆ. ಅಪ್ಪನ ಬಾಯಿಗೆ ಇನ್ನೂ ರುಚಿ ಬಂದಿರಲಿಲ್ಲ. ಅರ್ಧ ರೊಟ್ಟಿ, ಒಂದಿಷ್ಟು ಗಂಜಿ, ಅಷ್ಟೇ ಊಟ.

ಮೂರನೇ ರಾತ್ರಿ 2 ಗಂಟೆಗೆ ಅವ್ವ ಕೂಗಿದಳು. ಅಪ್ಪನ ಬನಿಯನ್ ನೀರಲ್ಲಿ ಅದ್ದಿದ ಹಾಗೆ ತೊಯ್ದಿತ್ತು. ಕೈ ನಡುಗುತ್ತಿತ್ತು. "ಎತ್ತು ಕಟ್ಟಿದಿ ಏನೋ ತಮ್ಮಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ನಾವು ಎತ್ತು ಮಾರಿ ಎಷ್ಟೋ ವರ್ಷವಾಗಿದೆ. ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಪಕ್ಕದ ಮನೆಯಿಂದ ಗ್ಲುಕೋಮೀಟರ್ ತಂದು ನೋಡಿದರೆ ಶುಗರ್ 42. 70ಕ್ಕಿಂತ ಕೆಳಗಿಳಿದರೇ ಅಪಾಯ, ಅಲ್ವಾ? ನುಂಗುವಷ್ಟು ಎಚ್ಚರ ಇತ್ತು, ಹಾಗಾಗಿ ಸಕ್ಕರೆ ನೀರು ಕುಡಿಸಿದೆವು. (ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗಬಹುದು.) 108ಕ್ಕೆ ಫೋನ್ ಮಾಡಿ ಸರ್ಕಾರಿ ದವಾಖಾನೆಗೆ ಒಯ್ದೆವು.

ಅಲ್ಲಿನ ಡಾಕ್ಟರ್ ಎರಡೂ ಸ್ಟ್ರಿಪ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ತೋರಿಸಿದರು. ಎರಡರಲ್ಲೂ ಗ್ಲಿಮೆಪಿರೈಡ್, ಅಂದರೆ ಶುಗರ್ ಇಳಿಸುವ ಔಷಧಿ. ಕಂಪನಿ ಬೇರೆ, ಔಷಧಿ ಒಂದೇ. ಡೋಸ್ ಜಾಸ್ತಿ, ಊಟ ಕಡಿಮೆ. ಈ ಗುಳಿಗೆ ಬಹಳ ಹೊತ್ತು ಕೆಲಸ ಮಾಡುತ್ತದೆ, ಶುಗರ್ ಮತ್ತೆ ಇಳಿಯಬಹುದು ಅಂತ ಒಂದು ದಿನ ಇಟ್ಟುಕೊಂಡರು. ಮುಂಜಾನೆ ಮತ್ತೆ ಇಳಿದೇಬಿಟ್ಟಿತು. ಸುಮ್ನೆ ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ದವಾಖಾನೆಗೆ ಸೇರಿಸುವಾಗಲೇ ಮನೆಯ ಗುಳಿಗೆಗಳನ್ನೆಲ್ಲ ಸ್ಟ್ರಿಪ್ ಸಮೇತ ಒಯ್ಯಿರಿ. ಬಿಡುವ ದಿನ ಒಂದೊಂದನ್ನೇ ಟೇಬಲ್ ಮೇಲಿಟ್ಟು, "ಇದನ್ನು ಕೊಡಬೇಕೋ, ನಿಲ್ಲಿಸಬೇಕೋ" ಅಂತ ಕೇಳಿ. ಉತ್ತರವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ರಾತ್ರಿ ಫೋನ್ ಎತ್ತುವ ನಂಬರ್ ಯಾವುದು ಅಂತಲೂ ಕೇಳಿ. ಮನೆಯಲ್ಲಿ ಗುಳಿಗೆ ಕೊಡುವವರು ಯಾರೋ ಅವರೇ ಎದುರಿಗೆ ಕೂತು ಕೇಳಿಸಿಕೊಳ್ಳಲಿ. ಸಿಸ್ಟರ್ ನನಗೆ ಹೇಳುತ್ತಿದ್ದಾಗ ನಮ್ಮ ಅವ್ವ ಹೊರಗೆ ಬ್ಯಾಗ್ ಕಾಯುತ್ತ ಕೂತಿದ್ದಳು.