ಜೇಬಿನ ಪಿಸ್ತೂಲಿಗೆ ಯಾವ ರೌಂಡು? ಐದು ಥರದ .380 ನಾನೇ ಹೊಡೆದು ನೋಡಿದ್ದು

ನಾವು ಕೊಡಗಿನವ್ರು, ಮನೇಲಿ ಕೋವಿ ಇತ್ತು, ಕೈಲ್‌ಪೊಳ್ದ್ ಬಂತಂದ್ರೆ ತೆಂಗಿನಕಾಯಿಗೆ ಈಡು ಹೊಡೆಯೋದನ್ನ ನೋಡ್ಕೊಂಡೇ ಬೆಳೆದಿದ್ದು. ಅಪ್ಪ ಮಳೆಗಾಲದಲ್ಲಿ ತೋಟಾಗಳನ್ನ ತಗಡಿನ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡ್ತಿದ್ರು, ಯಾಕಂದ್ರೆ ಶೀತ ಹಿಡಿದ್ರೆ ಆ ಹಳೇ ಕಾಗದದ ತೋಟಾ ಊದ್ಕೊಂಡು ನಳಿಕೆ ಒಳಗೆ ಹೋಗ್ತಾನೇ ಇರ್ಲಿಲ್ಲ. ಈಗ ಟೆಕ್ಸಾಸ್‌ನಲ್ಲಿದೀನಿ, .380 ಅನ್ನೋ ಅಳತೆಯ ರೌಂಡು (ಅಂದ್ರೆ ತೋಟಾ) ಹಾಕೋ, ಜೇಬಲ್ಲಿ ಹಿಡಿಯೋ ಸಣ್ಣ ಪಿಸ್ತೂಲು ತಗೊಂಡ ಮೇಲೆ ಅದೇ ಬುದ್ಧಿ ಮತ್ತೆ ಬೇಕಾಯ್ತು.

ಮೊದಲೇ ಒಂದು ಮಾತು, ಇಲ್ಲಿರೋ ನಮ್ಮವ್ರಿಗೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಇಲ್ದೆನೂ ಪಿಸ್ತೂಲು ಇಟ್ಕೊಂಡು ಓಡಾಡಬಹುದು ಅಂತ ಕೇಳಿ ಎಚ್-1ಬಿ ವೀಸಾದಲ್ಲಿರೋ ಹುಡುಗ್ರು ಅಂಗಡಿಗೆ ಹೋಗ್ಬೇಡಿ. ಅಮೆರಿಕದ ಕೇಂದ್ರ ಸರ್ಕಾರದ ಕಾನೂನು ಬೇರೆ ಇದೆ, ಆ ಥರದ ವೀಸಾದವ್ರು ಬಂದೂಕಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋ ಹಾಗಿಲ್ಲ, ಹಂಟಿಂಗ್ ಲೈಸೆನ್ಸ್ ಥರ ಕೆಲವೇ ವಿನಾಯ್ತಿ ಇರೋದು. ಗ್ರೀನ್ ಕಾರ್ಡ್ ಬಂದ ಮೇಲೇನೇ ನಾನು ಕೈ ಹಾಕಿದ್ದು.

ಇನ್ನು ಈ ಪಿಸ್ತೂಲಿನ ವಿಷ್ಯ. ಬ್ಯಾರೆಲ್ ಎರಡೂಮುಕ್ಕಾಲು ಇಂಚು, ಮ್ಯಾಗಜಿನ್‌ಗೆ ಆರು, ಖಾಲಿ ಇದ್ದಾಗ ಕಾಲು ಕೇಜಿಗಿಂತ ಸ್ವಲ್ಪ ಜಾಸ್ತಿ ತೂಕ. ಇಷ್ಟು ಚಿಕ್ಕದ್ರಲ್ಲಿ ಸ್ಲೈಡ್ (ಪ್ರತಿ ಈಡಿಗೂ ಹಿಂದಕ್ಕೆ ಸರಿದು ಮುಂದಿನ ರೌಂಡ್ ತಳ್ಳೋ ಮೇಲಿನ ಭಾಗ) ಹಿಂದೆ ಹೋಗೋ ಜಾಗಾನೂ ಕಮ್ಮಿ, ಟೈಮೂ ಕಮ್ಮಿ, ಸ್ಪ್ರಿಂಗ್ ಮಾತ್ರ ಗಟ್ಟಿ, ಅದಕ್ಕೇ ದೊಡ್ಡ ಪಿಸ್ತೂಲು ನುಂಗಿ ಹಾಕೋ ರೌಂಡನ್ನ ಇದು ಗಂಟಲಲ್ಲೇ ನಿಲ್ಲಿಸ್ಕೊಳ್ಳುತ್ತೆ. ಈ ರೌಂಡಿನ ಪೂರ್ತಿ ಹೆಸರು .380 ಎಸಿಪಿ, 1908ರಲ್ಲಿ ಬಂದೂಕು ವಿನ್ಯಾಸಕ ಬ್ರೌನಿಂಗ್ ಕೋಲ್ಟ್ ಪಿಸ್ತೂಲಿಗೆ ಅಂತ ಮಾಡಿದ್ದು, ಆಗ ಇದರ ಗುಂಡು ಅಂದ್ರೆ ಮೂತಿ ಉರುಟಾಗಿರೋದು, ಬಾಯಿ ತೆರೆದಿರೋ ಹಾಲೋ ಪಾಯಿಂಟೆಲ್ಲ ಈ ರೌಂಡಿಗೆ ಆಮೇಲೆ ಬಂದಿದ್ದು. ಹಾಲೋ ಪಾಯಿಂಟ್ ಗುರಿಗೆ ಬಡಿದಾಗ ಬಾಯಿ ಬಿಚ್ಚಿ ಅರಳೋಕೆ ವೇಗ ಬೇಕು, ಗಿಡ್ಡ ಬ್ಯಾರೆಲ್ ಆ ವೇಗಾನೇ ಕೊಡಲ್ಲ, ಹಾಗಾಗಿ ಎರಡೂ ಕಡೆಯಿಂದ ಇಕ್ಕಟ್ಟು.

ಮೊದ್ಲು ಹೊಡೆದಿದ್ದು ಮಾಮೂಲಿ ಎಫ್‌ಎಂಜೆ (ಸೀಸಕ್ಕೆ ಲೋಹದ ಹೊದಿಕೆ ಇರೋ ಗುಂಡು), 95 ಗ್ರೇನ್ (ಗುಂಡಿನ ತೂಕದ ಅಳತೆ), ಉರುಟು ಮೂತಿ, ಐವತ್ತರ ಡಬ್ಬ. ಇನ್ನೂರೈವತ್ತು ಹೊಡೆದೆ, ಒಂದೂ ನಿಲ್ಲಲಿಲ್ಲ. ಪ್ರಾಕ್ಟೀಸಿಗೆ ಇದಕ್ಕಿಂತ ಇನ್ನೇನೂ ಬೇಡ. ಆದ್ರೆ ಗೆಳೆಯನ ಜಮೀನಲ್ಲಿ ಗ್ಯಾಲನ್ ಹಾಲಿನ ಕ್ಯಾನ್‌ಗಳಿಗೆ ನೀರು ತುಂಬಿ ಸಾಲಾಗಿಟ್ಟು, ಮುಂದೆ ಹಳೇ ಜೀನ್ಸ್ ಬಟ್ಟೆ ನಾಲ್ಕು ಮಡಿಕೆ ಕಟ್ಟಿ ಹೊಡೆದ್ರೆ ಐದೂ ಕ್ಯಾನ್ ತೂತು ಮಾಡಿ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿ ಸೇರ್ಕೊಂತು. ನಾನಿರೋದು ಅಪಾರ್ಟ್‌ಮೆಂಟು, ಗೋಡೆ ಅಂದ್ರೆ ಎರಡು ಶೀಟ್‌ರಾಕ್ (ತೆಳು ಜಿಪ್ಸಂ ಹಲಗೆ) ನಡುವೆ ಖಾಲಿ ಜಾಗ, ಆ ಕಡೆ ಚಿಕ್ಕ ಮಕ್ಕಳಿರೋ ಮನೆ. ಇದನ್ನ ನೋಡಿದ ಮೇಲೆ ಮನೇಲಿ ಎಫ್‌ಎಂಜೆ ತುಂಬಿಡೋಕೆ ನನಗೆ ಧೈರ್ಯ ಬರಲಿಲ್ಲ.

ಎರಡನೇದು ಅಗಲ ಬಾಯಿಯ ಹಾಲೋ ಪಾಯಿಂಟು, ಕಂಪನಿ ಹೆಸರು ಬೇಡ. ನೂರು ಹೊಡೆದ್ರೆ ಐದು ಸಲ ಜಾಮ್, ಅದ್ರಲ್ಲಿ ನಾಲ್ಕು ಮ್ಯಾಗಜಿನ್‌ನ ಮೊದಲ್ನೇ ರೌಂಡಲ್ಲೇ. ಸಿಕ್ಕಾಕ್ಕೊಂಡಿದ್ದನ್ನ ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಗುಂಡಿನ ಬಾಯಿಯ ಅಂಚು ಒಂದು ಕಡೆ ಉಗುರಲ್ಲಿ ಒತ್ತಿದ ಹಾಗೆ ಮಡಚ್ಕೊಂಡಿತ್ತು, ಬ್ಯಾರೆಲ್ ಬುಡದ ಇಳಿಜಾರಲ್ಲಿ ಅದೇ ಜಾಗಕ್ಕೆ ತಾಮ್ರದ ಬಣ್ಣದ ಒಂದು ಗೀರು. ಅಂದ್ರೆ ಮೂತಿ ಜಾರೋ ಬದ್ಲು ಅಲ್ಲೇ ಕಚ್ಕೊಳ್ತಿದೆ. ಇದೇ ಡಬ್ಬದ ಉಳಿದ ರೌಂಡನ್ನ ಗೆಳೆಯ ಅವನ ದೊಡ್ಡ .380ರಲ್ಲಿ ಹೊಡೆದ, ಒಂದೂ ತೊಂದ್ರೆ ಕೊಡಲಿಲ್ಲ, ಹಾಗಾಗಿ ಕೆಟ್ಟ ಮಾಲು ಅಂತ ಹೇಳೋ ಹಾಗಿಲ್ಲ, ನನ್ನ ಪಿಸ್ತೂಲಿಗೆ ಅದು ಆಗ್ಬರಲ್ಲ ಅಷ್ಟೇ.

ನಿಜವಾದ ಪೈಪೋಟಿ ಇದ್ದಿದ್ದು ಹಾರ್ನಡಿ ಕ್ರಿಟಿಕಲ್ ಡಿಫೆನ್ಸ್ 90 ಗ್ರೇನ್‌ಗೂ ಫೆಡರಲ್ ಎಚ್‌ಎಸ್‌ಟಿ 99 ಗ್ರೇನ್‌ಗೂ. ಹಾರ್ನಡಿದು ಬಾಯಲ್ಲಿ ಕೆಂಪು ಪ್ಲಾಸ್ಟಿಕ್ ಮೊನೆ ತುಂಬಿರುತ್ತೆ, ಡಬ್ಬಕ್ಕೆ 25. ಎಚ್‌ಎಸ್‌ಟಿದು ಬಾಯಿ ತೆರೆದೇ ಇರುತ್ತೆ, ಡಬ್ಬಕ್ಕೆ 20. ತಲಾ ನೂರೈವತ್ತು ಹೊಡೆದೆ, ಖರ್ಚು ಜಾಸ್ತಿನೇ ಆಯ್ತು, ಆದ್ರೆ ಎರಡೂ ಒಂದ್ಸಲಾನೂ ನಿಲ್ಲಲಿಲ್ಲ. ನೀರಿನ ಕ್ಯಾನಲ್ಲಿ ಎಚ್‌ಎಸ್‌ಟಿ ಮೂರನೇದ್ರಲ್ಲಿ ಸಿಕ್ತು, ದಾಸವಾಳ ಅರಳಿದ ಹಾಗೆ ಎಸಳು ಬಿಚ್ಚಿತ್ತು, ನೋಡೋಕೆ ಬಹಳ ಚೆಂದ. ಹಾರ್ನಡಿ ಅಷ್ಟು ಅರಳಿರಲಿಲ್ಲ, ಆದ್ರೆ ನಾಲ್ಕನೇ ಕ್ಯಾನ್ ತನಕ ಹೋಗಿತ್ತು, ಬಾಯೊಳಗೆ ಜೀನ್ಸ್ ನೂಲು ಮೆತ್ತಿರಲಿಲ್ಲ, ಆ ಪ್ಲಾಸ್ಟಿಕ್ ಇರೋದೇ ಅದಕ್ಕೆ. 1986ರ ಮಯಾಮಿ ಗುಂಡಿನ ಕಾಳಗದ ನಂತರ ಎಫ್‌ಬಿಐಯವ್ರು ಜೆಲಾಟಿನ್‌ನಲ್ಲಿ (ಮಾಂಸದ ಬದ್ಲು ಪರೀಕ್ಷೆಗೆ ಬಳಸೋ ಅಂಟಿನಂಥ ಗಟ್ಟಿ) ಕನಿಷ್ಠ 12 ಇಂಚು, ಜಾಸ್ತಿ ಅಂದ್ರೆ 18 ಇಂಚು ಆಳ ಹೋಗ್ಬೇಕು ಅಂತ ಅಳತೆ ಇಟ್ಕೊಂಡ್ರು. ನೀರು ಜೆಲಾಟಿನ್ ಅಲ್ಲ, ನನ್ನ ಕ್ಯಾನ್ ಲೆಕ್ಕಾನ ಅದಕ್ಕೆ ಹೋಲಿಸ್ಬೇಡಿ, ಒಂದಕ್ಕೊಂದು ಹೋಲಿಸೋಕೆ ಮಾತ್ರ ಸಾಕು. .380ರ ಶಕ್ತಿನೇ ಇಷ್ಟಿರೋವಾಗ ಜಾಸ್ತಿ ಅರಳಿದ್ರೆ ಆಳ ಕಮ್ಮಿ ಆಗುತ್ತೆ, ನನಗೆ ಆ ಒಂದು ಕ್ಯಾನ್ ಆಳಾನೇ ಮುಖ್ಯ ಅನ್ಸಿ ಹಾರ್ನಡಿ ಕಡೆ ವಾಲಿದೆ.

ಪೂರ್ತಿ ತಾಮ್ರದ, ಮೂತಿಗೆ ಗೀರು ಕೊರೆದಿರೋ ಥರದ್ದೂ ಒಂದು ಡಬ್ಬ ನೋಡಿದೆ. ಸಲೀಸಾಗಿ ಹೋಗುತ್ತೆ, ಆದ್ರೆ ಅರಳೋದೇ ಇಲ್ಲ, ರೇಟೂ ಜಾಸ್ತಿ, ಗೋಡೆ ಚಿಂತೆ ಮತ್ತೆ ಅಲ್ಲಿಗೇ ಬಂತು, ಬಿಟ್ಟೆ. ಡಬ್ಬದ ಮೇಲೆ +ಪಿ (ಮಾಮೂಲಿಗಿಂತ ಜಾಸ್ತಿ ಒತ್ತಡದ ರೌಂಡು) ಅಂತ ಬರೆದಿರೋದನ್ನ ತಗೊಳ್ಳಲೇ ಇಲ್ಲ, .380ಗೆ SAAMI ಅನ್ನೋ, ತೋಟಾಗಳ ಅಳತೆ ಗೊತ್ತು ಮಾಡೋ ಅಮೆರಿಕದ ಸಂಸ್ಥೆಯ +ಪಿ ಅಳತೇನೇ ಇಲ್ಲ, ಒಳಗಿನ ಒತ್ತಡ ಎಷ್ಟು ಅಂತ ಯಾವ ಲೆಕ್ಕದಲ್ಲಿ ನಂಬೋದು.

ಎಲ್ಲಕ್ಕಿಂತ ನನ್ನ ಲೆಕ್ಕ ತಲೆಕೆಳಗು ಮಾಡಿದ್ದು ಮನೆಯವ್ಳು ಹೊಡೆದಾಗ. ನನ್ನ ಕೈಲಿ ಒಮ್ಮೆನೂ ನಿಲ್ಲದ ಎಚ್‌ಎಸ್‌ಟಿ ಅವಳ ಕೈಲಿ ಮೂವತ್ತರಲ್ಲಿ ಎರಡು ಸಲ ನಿಲ್ತು, ಖಾಲಿ ಕೇಸು ಹೊರಗೆ ಹಾರದೆ ಸ್ಲೈಡ್ ಬಾಯಲ್ಲಿ ನೆಟ್ಟಗೆ ನಿಂತಿತ್ತು. "ರೀ, ಇದು ನನ್ನ ತಪ್ಪಾ ಗುಂಡಿಂದಾ?" ಅಂದ್ಲು. ಮಣಿಕಟ್ಟು ಹಿಂದಕ್ಕೆ ಬಾಗಿದ್ರೆ ಸ್ಲೈಡಿಗೆ ಆನಿಕೆ ಸಿಗಲ್ಲ, ಪೂರ್ತಿ ಹಿಂದೆ ಹೋಗಲ್ಲ. ಮೊಣಕೈ ಬಿಗಿ ಮಾಡಿಸಿ ಹೊಡೆಸ್ದೆ, ಆಮೇಲೆ ಸರಿ ಹೋಯ್ತು. ಹಾರ್ನಡಿ ಮಾತ್ರ ಅವಳ ಸಡಿಲ ಹಿಡಿತದಲ್ಲೂ ಓಡ್ತು, ಹಾಗಾಗಿ ಮನೇಲಿ ಇಬ್ಬರಿಗೂ ಅದೇ ಅಂತ ಆಯ್ತು.

ಜೇಬಲ್ಲಿಡೋರು ವಾರಕ್ಕೊಮ್ಮೆ ಬಿಚ್ಚಿ ನೋಡಿ, ನೂಲಿನ ಧೂಳು ಎಲ್ಲೆಲ್ಲಿ ಸೇರಿರುತ್ತೆ ಅಂದ್ರೆ ಆಶ್ಚರ್ಯ ಆಗುತ್ತೆ. ಹಾಗೆ ಬಿಚ್ಚುವಾಗೆಲ್ಲ ಅದೇ ಮೇಲಿನ ರೌಂಡನ್ನ ಮತ್ತೆ ಮತ್ತೆ ಚೇಂಬರಿಗೆ ಹಾಕ್ಬೇಡಿ. ನಾನು ಎರಡು ತಿಂಗಳು ಹಾಗೇ ಮಾಡಿ, ಅನುಮಾನ ಬಂದು ಕ್ಯಾಲಿಪರ್‌ನಲ್ಲಿ ಅಳೆದ್ರೆ ಹೊಸ ರೌಂಡಿಗಿಂತ ಅರ್ಧ ಮಿಲಿಮೀಟರ್ ಗಿಡ್ಡ, ಗುಂಡು ಕೇಸಿನೊಳಕ್ಕೆ ಕೂತ್ಬಿಟ್ಟಿತ್ತು. ಹಾಗಾದ್ರೆ ಒಳಗೆ ಒತ್ತಡ ಏರುತ್ತೆ. ಆ ರೌಂಡನ್ನ ರೇಂಜಿನಲ್ಲಿ ಹಾಳು ತೋಟಾ ಹಾಕೋ ಡಬ್ಬಕ್ಕೆ ಹಾಕಿ ಬಂದೆ, ಈಗ ಹೊಸ ರೌಂಡ್ ಪಕ್ಕ ಇಟ್ಟು ಉದ್ದ ನೋಡದೆ ಯಾವ್ದನ್ನೂ ತುಂಬಲ್ಲ.